ಸ್ವಿಚ್‌ಗಳ ಒಟ್ಟು ಕುಟುಂಬ

ಪರದೆಯ ಮೇಲೆ ಒಂದು ಕಾರ್ಯಕ್ರಮ ಮೂಡಿಬರುವಾಗ ನಿಮಗೆ ಕಾಣಿಸುವುದು ನಿರೂಪಕರ ಮುಖ, ಅವರ ಹಿಂದಿನ ಅಲಂಕಾರ, ಕೆಳಗೆ ಸಾಗುವ ಅಕ್ಷರಗಳು. ಕಾಣಿಸದೆ ಉಳಿಯುವುದು ಇದಕ್ಕಿಂತ ಬಹಳ ಹೆಚ್ಚು. ನಾನು ಈ ವೃತ್ತಿಗೆ ಬಂದ ಹೊಸತರಲ್ಲಿ ಚಿತ್ರಗಳೆಲ್ಲ ಕ್ಯಾಸೆಟ್‌ಗಳಲ್ಲಿ ಇರುತ್ತಿದ್ದವು. ಸಂಕಲನ ಕೊಠಡಿಯಿಂದ ಪ್ರಸಾರ ಕೊಠಡಿಗೆ ಕ್ಯಾಸೆಟ್ ಹಿಡಿದುಕೊಂಡು ಮೆಟ್ಟಿಲು ಹತ್ತಿ ಓಡುವ ಹುಡುಗನೇ ನಮ್ಮ ಜಾಲವಾಗಿದ್ದ. ಈಗ ಆ ಓಟ ನಿಂತಿದೆ. ಚಿತ್ರ, ಧ್ವನಿ, ದೂರವಾಣಿಯ ಕರೆ, ಎಲ್ಲವೂ ಅಂಕಿಗಳ ರೂಪ ತಾಳಿ ತಂತಿಯ ಮೂಲಕ ಹರಿಯುತ್ತವೆ. ಆ ತಂತಿಗಳೆಲ್ಲ ಬಂದು ಸೇರುವುದು ಯಾವುದೋ ಮೂಲೆಯ ಒಂದು ಕಬ್ಬಿಣದ ಚೌಕಟ್ಟಿನಲ್ಲಿ, ಹಸಿರು ದೀಪಗಳು ಮಿನುಗುವ ಕೆಲವು ಚಪ್ಪಟೆ ಪೆಟ್ಟಿಗೆಗಳಲ್ಲಿ. ಇವೇ ನೆಟ್‌ವರ್ಕ್ ಸ್ವಿಚ್‌ಗಳು. ನಿಮ್ಮ ಕಾಲೇಜಿನ ಕಂಪ್ಯೂಟರ್ ಪ್ರಯೋಗಾಲಯದಲ್ಲೂ, ಬ್ಯಾಂಕಿನಲ್ಲೂ, ಆಸ್ಪತ್ರೆಯಲ್ಲೂ ಇವು ಇವೆ.

ಇಂಥ ಹಲವು ಸ್ವಿಚ್‌ಗಳನ್ನು ಒಂದರ ಮೇಲೊಂದು ಪೇರಿಸಿ, ಅವೆಲ್ಲವೂ ಒಂದೇ ಯಂತ್ರದಂತೆ ಕೆಲಸ ಮಾಡುವ ಹಾಗೆ ಜೋಡಿಸುವ ಪದ್ಧತಿಯೊಂದಿದೆ. ಅದಕ್ಕೆ ಸ್ಟ್ಯಾಕ್ ಎಂದು ಹೆಸರು. ಅದನ್ನು ಹೇಗೆ ಅಣಿಗೊಳಿಸಬೇಕು, ಹೇಗೆ ಪಾಲಿಸಬೇಕು ಎಂಬುದೇ ಇಂದಿನ ವಿಷಯ. ನಾನು ಎಂಜಿನಿಯರ್ ಅಲ್ಲ. ವಿಜ್ಞಾನ ಓದಿ ಕಾರ್ಯಕ್ರಮ ನಿರ್ಮಾಣಕ್ಕೆ ಬಂದವನು. ಈ ವಿಷಯವನ್ನು ಕಲಿಯುವ ಅಗತ್ಯ ನನಗೆ ಬಿದ್ದದ್ದು ನನ್ನದೇ ಒಂದು ತಪ್ಪಿನಿಂದ. ಅದನ್ನು ಮುಂದೆ ಹೇಳುತ್ತೇನೆ.

ಸ್ವಿಚ್ ಎಂದರೇನು?

ಕಂಪ್ಯೂಟರುಗಳನ್ನು ತಂತಿಯಿಂದ ಜೋಡಿಸುವ ಈಥರ್‌ನೆಟ್ ಎಂಬ ವಿಧಾನ ಹುಟ್ಟಿದ್ದು 1973ರಲ್ಲಿ, ಅಮೆರಿಕದ ಜೆರಾಕ್ಸ್ ಸಂಸ್ಥೆಯ ಪಾಲೊ ಆಲ್ಟೊ ಸಂಶೋಧನಾ ಕೇಂದ್ರದಲ್ಲಿ. ಅದನ್ನು ರೂಪಿಸಿದವರು ರಾಬರ್ಟ್ ಮೆಟ್‌ಕಾಫ್ ಮತ್ತು ಡೇವಿಡ್ ಬಾಗ್ಸ್. ಆಗ ಎಲ್ಲ ಕಂಪ್ಯೂಟರುಗಳೂ ಒಂದೇ ತಂತಿಯನ್ನು ಹಂಚಿಕೊಳ್ಳುತ್ತಿದ್ದವು. ಒಂದು ತರಗತಿಯನ್ನು ಊಹಿಸಿಕೊಳ್ಳಿ. ಒಬ್ಬರು ಮಾತನಾಡುವಾಗ ಉಳಿದವರೆಲ್ಲ ಸುಮ್ಮನಿರಬೇಕು. ಇಬ್ಬರು ಒಟ್ಟಿಗೆ ಬಾಯಿ ತೆರೆದರೆ ಯಾರ ಮಾತೂ ಕೇಳಿಸದು. ಹಾಗಿತ್ತು ಆ ವ್ಯವಸ್ಥೆ.

1990ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಒಂದು ಚಿಕ್ಕ ಕಂಪನಿ ಏಳು ಪೋರ್ಟುಗಳ ಒಂದು ಪೆಟ್ಟಿಗೆಯನ್ನು ಮಾರುಕಟ್ಟೆಗೆ ತಂದಿತು. ಈಥರ್‌ನೆಟ್ ಸ್ವಿಚ್‌ಗಳಲ್ಲಿ ಮೊದಲನೆಯದೆಂದು ಅದನ್ನು ಗುರುತಿಸುತ್ತಾರೆ. ಆ ಕಂಪನಿಯ ಹೆಸರು ಕೇಳಿದರೆ ನಿಮಗೆ ಸಂತೋಷವಾದೀತು: ಕಲ್ಪನಾ! ಅದರ ಸ್ಥಾಪಕರಲ್ಲಿ ಒಬ್ಬರಾದ, ಭಾರತೀಯ ಮೂಲದ ವಿನೋದ್ ಭಾರದ್ವಾಜ್ ಅವರು ತಮ್ಮ ಪತ್ನಿಯ ಹೆಸರನ್ನೇ ಕಂಪನಿಗೆ ಇಟ್ಟಿದ್ದರು. 1994ರಲ್ಲಿ ಸಿಸ್ಕೊ ಕಂಪನಿ ಇದನ್ನು ಕೊಂಡುಕೊಂಡಿತು.

ಸ್ವಿಚ್ ಮಾಡುವ ಕೆಲಸ ನಮ್ಮ ಬಡಾವಣೆಯ ಅಂಚೆಯಣ್ಣ ಮಾಡುವ ಕೆಲಸದಂಥದೇ. ಪ್ರತಿ ಕಂಪ್ಯೂಟರಿನ ಜಾಲ ಸಾಧನಕ್ಕೂ 48 ಬಿಟ್‌ಗಳ ಒಂದು ವಿಳಾಸವಿರುತ್ತದೆ. ಅದನ್ನು ಮ್ಯಾಕ್ ವಿಳಾಸ ಎನ್ನುತ್ತಾರೆ. ಯಾವ ವಿಳಾಸದ ಯಂತ್ರ ಯಾವ ಪೋರ್ಟಿನಲ್ಲಿದೆ ಎಂಬುದನ್ನು ಸ್ವಿಚ್ ತಾನಾಗಿಯೇ ನೋಡಿ ಕಲಿತು, ಒಂದು ಪಟ್ಟಿಯಲ್ಲಿ ಬರೆದಿಟ್ಟುಕೊಳ್ಳುತ್ತದೆ. ಆಮೇಲೆ ಒಬ್ಬರಿಗೆ ಬಂದ ಕಾಗದವನ್ನು ಊರಿಗೆಲ್ಲ ಓದಿ ಹೇಳದೆ ಅವರ ಬಾಗಿಲಿಗೇ ಮುಟ್ಟಿಸುತ್ತದೆ. ಹೀಗಾಗಿ ಒಂದೇ ಹೊತ್ತಿನಲ್ಲಿ ಹಲವು ಜೋಡಿಗಳು ಪರಸ್ಪರ ಅಡ್ಡಿಯಾಗದೆ ಮಾತನಾಡಬಹುದು.

ಪೇರಿಸುವುದು ಏಕೆ?

ಒಂದು ಸಾಮಾನ್ಯ ಸ್ವಿಚ್‌ನಲ್ಲಿ 24 ಅಥವಾ 48 ಪೋರ್ಟುಗಳಿರುತ್ತವೆ. ನೂರು ಯಂತ್ರಗಳಿರುವ ಕಟ್ಟಡಕ್ಕೆ ಐದು ಸ್ವಿಚ್ ಬೇಕಾಯಿತು ಎಂದಿಟ್ಟುಕೊಳ್ಳೋಣ. ಅವನ್ನು ಸಾಮಾನ್ಯ ಕೇಬಲ್ಲುಗಳಿಂದ ಸರಪಳಿಯಂತೆ ಜೋಡಿಸಬಹುದು. ಆದರೆ ಇದರಲ್ಲಿ ಮೂರು ತೊಂದರೆಗಳಿವೆ. ಒಂದು, ಎರಡು ಸ್ವಿಚ್‌ಗಳ ನಡುವಿನ ಒಂದೇ ಕೇಬಲ್ಲಿನಲ್ಲಿ ಎರಡೂ ಕಡೆಯ ಸಂಚಾರ ನುಗ್ಗಬೇಕು. ಜಾತ್ರೆಯ ಜನವೆಲ್ಲ ಒಂದೇ ಕಿರುಬಾಗಿಲಿನಲ್ಲಿ ನುಗ್ಗಿದ ಹಾಗೆ. ಎರಡು, ಐದು ಸ್ವಿಚ್‌ಗಳಿಗೂ ಐದು ವಿಳಾಸ, ಐದು ಗುಪ್ತಪದ, ಐದು ಬಾರಿ ಅದೇ ಕೆಲಸ. ಮೂರು, ನಡುವಿನ ಒಂದು ಕೆಟ್ಟರೆ ಸರಪಳಿಯೇ ತುಂಡಾಗುತ್ತದೆ.

ಹಾಗಾದರೆ ಕೊನೆಯದನ್ನು ಮೊದಲನೆಯದಕ್ಕೆ ಜೋಡಿಸಿ ಬಳೆಯಾಗಿ ಮಾಡಬಾರದೇ ಎಂದು ನೀವು ಕೇಳಬಹುದು. ಸಾಮಾನ್ಯ ಕೇಬಲ್ಲಿನಿಂದ ಹಾಗೆ ಮಾಡಿದರೆ ಅನಾಹುತವಾದೀತು. ಎಲ್ಲರಿಗೂ ಎಂದು ಕಳಿಸಿದ ಒಂದು ಸಂದೇಶ ಆ ಬಳೆಯಲ್ಲಿ ಸುತ್ತುತ್ತಲೇ ಇರುತ್ತದೆ, ಸುತ್ತುತ್ತ ಹೆಚ್ಚುತ್ತದೆ. ಕೆಲವೇ ಕ್ಷಣಗಳಲ್ಲಿ ಜಾಲವೆಲ್ಲ ಉಸಿರುಗಟ್ಟುತ್ತದೆ. ಈ ತೊಂದರೆಗೆ ರೇಡಿಯಾ ಪರ್ಲ್‌ಮನ್ ಎಂಬ ವಿಜ್ಞಾನಿ 1985ರಲ್ಲಿ ಸ್ಪ್ಯಾನಿಂಗ್ ಟ್ರೀ ಎಂಬ ಉಪಾಯ ಕಂಡುಹಿಡಿದರು. ಸ್ವಿಚ್‌ಗಳು ತಮ್ಮೊಳಗೇ ಮಾತನಾಡಿಕೊಂಡು, ಬಳೆಯ ಒಂದು ಕೊಂಡಿಯನ್ನು ತಾವಾಗಿ ಮುಚ್ಚಿಡುತ್ತವೆ. ಬೇರೆ ದಾರಿ ಕಡಿದಾಗ ಮಾತ್ರ ಅದನ್ನು ತೆರೆಯುತ್ತವೆ. ಇದು ಇಂದಿಗೂ ಬಳಕೆಯಲ್ಲಿದೆ. ಆದರೆ ಮುಚ್ಚಿದ ಕೊಂಡಿಯ ಸಾಮರ್ಥ್ಯ ಅಷ್ಟು ಹೊತ್ತೂ ವ್ಯರ್ಥ.

ಸ್ಟ್ಯಾಕ್ ಇದಕ್ಕೆ ಬೇರೊಂದು ಉತ್ತರ. 2003ರಲ್ಲಿ ಬಂದ ಸಿಸ್ಕೊ ಕ್ಯಾಟಲಿಸ್ಟ್ 3750 ಎಂಬ ಸ್ವಿಚ್‌ನ ಉದಾಹರಣೆ ತೆಗೆದುಕೊಳ್ಳೋಣ. ಈಗ ಅದರ ಕಾಲ ಮುಗಿದಿದ್ದರೂ ತತ್ವ ತಿಳಿಯಲು ಅದು ಒಳ್ಳೆಯ ಪಾಠ. ಅದರ ಬೆನ್ನಿನಲ್ಲಿ ಎರಡು ವಿಶೇಷ ಪೋರ್ಟುಗಳು. ಅವುಗಳಿಗೆ ದಪ್ಪನೆಯ, ಗಿಡ್ಡನೆಯ ಕೇಬಲ್. ಅರ್ಧ ಮೀಟರ್, ಒಂದು ಮೀಟರ್, ಮೂರು ಮೀಟರ್, ಹೀಗೆ ಅಳತೆಗಳು. ಒಂದರಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ, ಕೊನೆಯದರಿಂದ ಮತ್ತೆ ಒಂದಕ್ಕೆ ಜೋಡಿಸಿದರೆ ಬಳೆ ಪೂರ್ಣವಾಯಿತು. ಹೀಗೆ ಒಂಬತ್ತು ಸ್ವಿಚ್‌ಗಳವರೆಗೆ ಸೇರಿಸಬಹುದಾಗಿತ್ತು. ಬಳೆಯ ಒಟ್ಟು ಸಾಮರ್ಥ್ಯ ಸೆಕೆಂಡಿಗೆ 32 ಗಿಗಾಬಿಟ್. ಈಚಿನ ಮಾದರಿಗಳಲ್ಲಿ ಇದು ನೂರಾರು ಗಿಗಾಬಿಟ್‌ಗೆ ಏರಿದೆ. ಬೇರೆ ತಯಾರಕರೂ ಬೇರೆ ಬೇರೆ ಹೆಸರುಗಳಲ್ಲಿ ಇಂಥ ವ್ಯವಸ್ಥೆ ಮಾಡಿದ್ದಾರೆ. ಆಜ್ಞೆಗಳು ಬೇರೆಯಾದರೂ ಮೂಲ ವಿಚಾರ ಬಹುಮಟ್ಟಿಗೆ ಒಂದೇ.

ಹೀಗೆ ಸೇರಿದ ಮೇಲೆ ಹೊರಗಿನಿಂದ ನೋಡುವವರಿಗೆ ಐದು ಸ್ವಿಚ್‌ಗಳಿಲ್ಲ, ಇರುವುದು ಒಂದೇ. ಒಂದೇ ವಿಳಾಸ, ಒಂದೇ ಗುಪ್ತಪದ, ಒಂದೇ ವ್ಯವಸ್ಥಾ ಕಡತ. ಮೂರನೆಯ ಸ್ವಿಚ್‌ನ ಹನ್ನೆರಡನೆಯ ಪೋರ್ಟನ್ನು 3/0/12 ಎಂದು ಕರೆದರಾಯಿತು. ಒಂದು ಒಟ್ಟು ಕುಟುಂಬಕ್ಕೆ ಒಂದೇ ಮನೆ ನಂಬರು, ಒಂದೇ ರೇಷನ್ ಕಾರ್ಡು ಇದ್ದ ಹಾಗೆ.

ಯಜಮಾನ ಯಾರು?

ಒಟ್ಟು ಕುಟುಂಬ ಎಂದ ಮೇಲೆ ಯಜಮಾನ ಬೇಕು. ಸ್ಟ್ಯಾಕ್‌ನಲ್ಲಿಯೂ ಒಂದು ಸ್ವಿಚ್ ಎಲ್ಲವನ್ನೂ ನಡೆಸುತ್ತದೆ. ಅದನ್ನು ಹಿಂದೆ ಮಾಸ್ಟರ್ ಎನ್ನುತ್ತಿದ್ದರು. ಹೊಸ ಮಾದರಿಗಳಲ್ಲಿ ಆಕ್ಟಿವ್ ಎನ್ನುತ್ತಾರೆ. ಅದು ಕೆಟ್ಟರೆ ಇನ್ನೊಂದು ಆ ಜಾಗಕ್ಕೆ ಬರುತ್ತದೆ.

ಈ ಯಜಮಾನನನ್ನು ಸ್ವಿಚ್‌ಗಳು ತಾವೇ ಚುನಾಯಿಸಿಕೊಳ್ಳುತ್ತವೆ. ಪ್ರತಿ ಸ್ವಿಚ್‌ಗೂ 1ರಿಂದ 15ರವರೆಗೆ ಒಂದು ಆದ್ಯತೆಯ ಅಂಕಿ ಕೊಡಬಹುದು. ಹೆಚ್ಚು ಅಂಕಿ ಇದ್ದದ್ದು ಗೆಲ್ಲುತ್ತದೆ. ಆದರೆ ಕಾರ್ಖಾನೆಯಿಂದ ಬರುವಾಗ ಎಲ್ಲವುಗಳ ಅಂಕಿಯೂ 1. ನಾವು ಬದಲಾಯಿಸದಿದ್ದರೆ ಎಲ್ಲವೂ ಸಮ. ಆಗ ಬೇರೆ ನಿಯಮಗಳು ಮುಂದೆ ಬರುತ್ತವೆ. ಕೊನೆಗೆ ಯಾವುದರ ಮ್ಯಾಕ್ ವಿಳಾಸ ಚಿಕ್ಕದೋ ಅದೇ ಯಜಮಾನ. ಅನೇಕ ವೇಳೆ ಚಿಕ್ಕ ವಿಳಾಸದ್ದು ಮೊದಲು ತಯಾರಾದ, ಅಂದರೆ ಗುಂಪಿನಲ್ಲೇ ಹಳೆಯ ಸ್ವಿಚ್ ಆಗಿರುತ್ತದೆ. ಮುದುಕನೆಂಬ ಒಂದೇ ಕಾರಣಕ್ಕೆ, ಕೈಲಾಗದವನ ಸೊಂಟಕ್ಕೆ ಮನೆಯ ಬೀಗದ ಕೈ ಸಿಕ್ಕಿಸಿದ ಹಾಗಾಯಿತು!

ಈಗ ಬಳೆಯ ಗುಣವನ್ನು ಗಮನಿಸಿ. ಬಳೆಯಲ್ಲಿ ಸಂಚಾರ ಎರಡೂ ದಿಕ್ಕಿಗೆ ಸಾಗಬಲ್ಲದು. ಒಂದು ಕಡೆ ಕೇಬಲ್ ಕಡಿದರೆ ಬಳೆ ಹೋಗಿ ಗೆರೆಯಾಗುತ್ತದೆ. ಸಾಮರ್ಥ್ಯ ಅರ್ಧಕ್ಕೆ ಇಳಿಯುತ್ತದೆ, ಕೆಲಸ ಮಾತ್ರ ನಿಲ್ಲುವುದಿಲ್ಲ. ಎರಡನೆಯ ಕಡೆಯೂ ಕಡಿದರೆ ಸ್ಟ್ಯಾಕ್ ಎರಡು ಹೋಳು. ಇದು ಬಹಳ ಒಳ್ಳೆಯ ಗುಣ. ಮೋಸದ ಗುಣವೂ ಹೌದು. ಏಕೆಂದರೆ ಮೊದಲನೆಯ ಪೆಟ್ಟನ್ನು ಅದು ಸದ್ದಿಲ್ಲದೆ ಸಹಿಸಿಕೊಳ್ಳುತ್ತದೆ. ನಮಗೆ ಗೊತ್ತೇ ಆಗುವುದಿಲ್ಲ.

ಒಂದು ಸಂಜೆ ನಡೆದದ್ದು

ಕೆಲವು ವರ್ಷಗಳ ಹಿಂದೆ ನಾನು ಒಂದು ಸ್ಟುಡಿಯೋದಲ್ಲಿ ಎಸ್.ಎಸ್.ಎಲ್.ಸಿ. ಮಕ್ಕಳಿಗಾಗಿ ನೇರ ಪ್ರಸಾರದ ಫೋನ್-ಇನ್ ಕಾರ್ಯಕ್ರಮ ಮಾಡುತ್ತಿದ್ದೆ. ಪರೀಕ್ಷೆಗೆ ಮುಂಚಿನ ದಿನಗಳು. ಅಲ್ಲಿ ಐದು ಸ್ವಿಚ್‌ಗಳ ಒಂದು ಸ್ಟ್ಯಾಕ್ ಇತ್ತು. ಒಂದು ದಿನ ನಮ್ಮ ತರುಣ ಎಂಜಿನಿಯರ್ ಬಂದು, “ಸಾರ್, ಐದರಿಂದ ಒಂದಕ್ಕೆ ಹೋಗೋ ಸ್ಟ್ಯಾಕ್ ಕೇಬಲ್ ಕೆಲಸ ಮಾಡ್ತಾ ಇಲ್ಲ. ಒಂದು ಗಂಟೆ ಬಿಡುವು ಕೊಟ್ಟರೆ ಸರಿಮಾಡಿಬಿಡ್ತೀನಿ” ಎಂದರು. ನಾನು, “ಎಲ್ಲಾ ನಡೀತಾ ಇದೆಯಲ್ಲಪ್ಪ, ಪರೀಕ್ಷೆ ಕಾರ್ಯಕ್ರಮಗಳು ಮುಗೀಲಿ, ಆಮೇಲೆ ನೋಡೋಣ” ಎಂದೆ. ಆ ಒಂದು ಗಂಟೆಯನ್ನು ಕೊಡದೆ ಹೋದದ್ದು ನಾನೇ.

ಎರಡು ವಾರದ ನಂತರ ವಿಜ್ಞಾನದ ಕಾರ್ಯಕ್ರಮ. ಸಂಜೆ ನೇರ ಪ್ರಸಾರ ನಡೆಯುತ್ತಿರುವಾಗ ಮೂರನೆಯ ಸ್ವಿಚ್‌ನ ವಿದ್ಯುತ್ ಘಟಕ ಸುಟ್ಟುಹೋಯಿತು. ಬಳೆ ಪೂರ್ಣವಾಗಿದ್ದಿದ್ದರೆ ಉಳಿದ ನಾಲ್ಕೂ ಸ್ವಿಚ್‌ಗಳು ಐದು ಮತ್ತು ಒಂದರ ನಡುವಿನ ಕೇಬಲ್ಲಿನ ಮೂಲಕ ಕೈಹಿಡಿದುಕೊಂಡೇ ಇರುತ್ತಿದ್ದವು. ಆ ಕೇಬಲ್ ಮೊದಲೇ ಸತ್ತಿತ್ತು. ಸ್ಟ್ಯಾಕ್ ಎರಡು ಹೋಳಾಯಿತು: ಒಂದು ಮತ್ತು ಎರಡು ಈ ಕಡೆ, ನಾಲ್ಕು ಮತ್ತು ಐದು ಆ ಕಡೆ.

ಚಿತ್ರಗಳಿದ್ದ ಸರ್ವರ್ ಐದನೆಯದರಲ್ಲಿ ಇತ್ತು. ಆದ್ದರಿಂದ ತೋರಿಸಬೇಕಾದ ಚಿತ್ರಗಳು ಬರಲಿಲ್ಲ. ಆದರೆ ಕರೆಗಳು ಬರುತ್ತಿದ್ದ ದೂರವಾಣಿಗಳು ಎರಡನೆಯದರಲ್ಲಿದ್ದವು. ಅವು ಚೆನ್ನಾಗಿಯೇ ಇದ್ದವು. ಸಿಂಧನೂರು ಕಡೆಯ ಒಬ್ಬ ವಿದ್ಯಾರ್ಥಿನಿ ಸಾಲಿನಲ್ಲಿದ್ದಳು. ನೀರಿನ ಲೋಟದಲ್ಲಿಟ್ಟ ಕಡ್ಡಿ ಬಾಗಿದಂತೆ ಏಕೆ ಕಾಣುತ್ತದೆ ಎಂಬುದನ್ನು ಮೇಷ್ಟ್ರು ಬಾಯಿಮಾತಿನಲ್ಲೇ ವಿವರಿಸತೊಡಗಿದ್ದರು. ಕಾರ್ಯಕ್ರಮ ಹೇಗೋ ದಡ ಸೇರುತ್ತಿತ್ತು. ನನಗೆ ತಾಳ್ಮೆ ಇರಲಿಲ್ಲ. “ಏನಾದರೂ ಮಾಡಿ, ಚಿತ್ರ ಬರಬೇಕು” ಎಂದು ಕೂಗಿದೆ. ಎಂಜಿನಿಯರ್ ಓಡಿಹೋಗಿ ಹಳೆಯ ಕೇಬಲ್ ಕಿತ್ತು, ಹೊಸದನ್ನು ಐದು ಮತ್ತು ಒಂದರ ನಡುವೆ ಸಿಕ್ಕಿಸಿದರು.

ಆಗ ಆದದ್ದು ಏನು? ಎರಡು ಹೋಳುಗಳಿಗೂ ಅಷ್ಟರಲ್ಲಿ ಒಬ್ಬೊಬ್ಬ ಯಜಮಾನ ಇದ್ದ. ಹಳೆಯ ಯಜಮಾನ ನಾಲ್ಕನೆಯದು. ಆ ಗುಂಪಿನಲ್ಲಿ ಅದೇ ಹಳೆಯ ಸ್ವಿಚ್. ಈ ಕಡೆಯವು ತಮಗಾಗಿ ಹೊಸ ಯಜಮಾನನನ್ನು ಆರಿಸಿಕೊಂಡಿದ್ದವು. ವಿದ್ಯುತ್ ಇರುವಾಗಲೇ ಎರಡು ಹೋಳುಗಳನ್ನು ಕೂಡಿಸಿದರೆ ಇಬ್ಬರಲ್ಲಿ ಒಬ್ಬ ಸೋಲಬೇಕು. ಸೋತ ಕಡೆಯ ಸ್ವಿಚ್‌ಗಳೆಲ್ಲ ಮತ್ತೆ ಮೊದಲಿನಿಂದ ಆರಂಭಗೊಳ್ಳಬೇಕು. ಇದು ನಿಯಮ. ಆದ್ಯತೆಯ ಅಂಕಿಯನ್ನು ಯಾರೂ ಹಾಕಿರಲಿಲ್ಲವಾದ್ದರಿಂದ ನಾಲ್ಕನೆಯದೇ ಗೆದ್ದಿತು. ಅಲ್ಲಿಯವರೆಗೆ ಸರಿಯಾಗಿ ನಡೆಯುತ್ತಿದ್ದ ಒಂದು ಮತ್ತು ಎರಡು ಆರಿ, ಮತ್ತೆ ಹೊತ್ತಿಕೊಳ್ಳತೊಡಗಿದವು. ದೂರವಾಣಿಗಳೂ ಆರಿದವು. ಆ ಹುಡುಗಿಯ ಧ್ವನಿ ಮಾತಿನ ನಡುವೆಯೇ ನಿಂತಿತು. ಸ್ವಿಚ್‌ಗಳು ಮೇಲೇಳಲು ಹಲವು ನಿಮಿಷ ಬೇಕಾಯಿತು. ಅಷ್ಟರಲ್ಲಿ ನಮ್ಮ ಸಮಯ ಮುಗಿದಿತ್ತು.

ಕರೆ ಮಾಡಿದವರ ಪಟ್ಟಿ ಕಂಪ್ಯೂಟರಿನಲ್ಲಿ ಇತ್ತು, ಅದೂ ತೆರೆಯುತ್ತಿರಲಿಲ್ಲ. ನಮ್ಮ ಸ್ವಾಗತಕಾರಿಣಿಗೆ ಹಳೆಯ ಅಭ್ಯಾಸ, ಎಲ್ಲ ನಂಬರುಗಳನ್ನೂ ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಅದರಿಂದ ಅಂದು ರಾತ್ರಿಯೇ ಮೇಷ್ಟ್ರು ಆ ವಿದ್ಯಾರ್ಥಿನಿಗೆ ಫೋನ್ ಮಾಡಿ ಉತ್ತರ ಹೇಳಿದರು. ಆದರೆ ಅವಳ ಹಿಂದೆ ಕಾದಿದ್ದ ಎಷ್ಟೋ ಮಕ್ಕಳ ಪ್ರಶ್ನೆಗಳು ಹಾಗೆಯೇ ಉಳಿದವು. ಸುಟ್ಟುಹೋದ ಘಟಕದ ಮೇಲೆ ತಪ್ಪು ಹೊರಿಸುವುದು ಸುಲಭ. ಯಂತ್ರ ಎಂದ ಮೇಲೆ ಒಂದಲ್ಲ ಒಂದು ದಿನ ಕೆಡುತ್ತದೆ. ಅದನ್ನು ತಾಳಿಕೊಳ್ಳಲೆಂದೇ ಆ ಬಳೆಯನ್ನು ಮಾಡಿದ್ದರು. ಆ ಬಳೆ ಒಡೆದಿದೆ ಎಂದು ತಿಳಿದೂ ಎರಡು ವಾರ ಸುಮ್ಮನಿದ್ದದ್ದು ತಪ್ಪು.

ಅಣಿಗೊಳಿಸುವಾಗ

ಈ ಅನುಭವದ ಮೇಲೆ ನಾನು ಕಲಿತದ್ದನ್ನು ಕ್ರಮವಾಗಿ ಹೇಳುತ್ತೇನೆ.

ಮೊದಲನೆಯದಾಗಿ, ಯಜಮಾನನನ್ನು ನಾವೇ ಗೊತ್ತುಮಾಡಬೇಕು. ಯಜಮಾನನಾಗಬೇಕಾದ ಸ್ವಿಚ್‌ಗೆ 15, ಅದರ ನಂತರ ಬರಬೇಕಾದುದಕ್ಕೆ 14 ಎಂದು ಆದ್ಯತೆ ಕೊಟ್ಟರೆ ಅನುಮಾನಕ್ಕೆ ಎಡೆಯಿಲ್ಲ. ಇಲ್ಲಿ ಒಂದು ಸೂಕ್ಷ್ಮವಿದೆ. ಸ್ಟ್ಯಾಕ್ ನಡೆಯುತ್ತಿರುವಾಗ ಅಂಕಿ ಬದಲಾಯಿಸಿದರೆ ಯಜಮಾನ ತಕ್ಷಣ ಬದಲಾಗುವುದಿಲ್ಲ. ಮುಂದಿನ ಚುನಾವಣೆಯಲ್ಲಿ ಮಾತ್ರ ಅದು ಲೆಕ್ಕಕ್ಕೆ ಬರುತ್ತದೆ.

ಎರಡನೆಯದಾಗಿ, ಸ್ವಿಚ್‌ಗಳ ಸಂಖ್ಯೆ ಚೌಕಟ್ಟಿನಲ್ಲಿ ಮೇಲಿನಿಂದ ಕೆಳಕ್ಕೆ ಇರುವ ಕ್ರಮದಲ್ಲೇ ಇರಲಿ. ಮೇಲಿನದು 1, ಅದರ ಕೆಳಗಿನದು 2. ನಡುರಾತ್ರಿ ಟಾರ್ಚ್ ಹಿಡಿದು ಹುಡುಕುವವನಿಗೆ 4ನೆಯದು ಎರಡನೆಯ ಜಾಗದಲ್ಲಿದ್ದರೆ, ಆತ ಸರಿಯಾಗಿರುವುದನ್ನೇ ಕಿತ್ತಾನು. ಸಂಖ್ಯೆಯನ್ನು ಬರೆದ ಚೀಟಿಯನ್ನು ಮುಂದೆಯೂ ಹಿಂದೆಯೂ ಅಂಟಿಸಬೇಕು.

ಮೂರನೆಯದಾಗಿ, ಎಲ್ಲ ಸ್ವಿಚ್‌ಗಳಲ್ಲೂ ಒಂದೇ ಆವೃತ್ತಿಯ ತಂತ್ರಾಂಶ ಇರಬೇಕು. ಆವೃತ್ತಿ ಬೇರೆಯಾದ ಸ್ವಿಚ್ ಗುಂಪಿಗೆ ಪೂರ್ತಿಯಾಗಿ ಸೇರುವುದಿಲ್ಲ. ಒಂದೇ ಶ್ರುತಿಗೆ ಬಾರದ ವಾದ್ಯವನ್ನು ಮೇಳಕ್ಕೆ ಸೇರಿಸುವುದುಂಟೇ?

ನಾಲ್ಕನೆಯದಾಗಿ, ಹೊರಜಾಲಕ್ಕೆ ಹೋಗುವ ದಾರಿಗಳು ಎರಡು ಇರಲಿ, ಅವು ಎರಡು ಬೇರೆ ಸ್ವಿಚ್‌ಗಳಿಂದ ಹೊರಡಲಿ. ಎರಡು ಕೇಬಲ್ಲುಗಳನ್ನು ಒಂದೇ ದಾರಿಯೆಂದು ಕಟ್ಟುವ ವಿಧಾನವಿದೆ. ಲಿಂಕ್ ಅಗ್ರಿಗೇಶನ್ ಎಂದು ಅದರ ಹೆಸರು. ಸ್ಟ್ಯಾಕ್‌ನಲ್ಲಿ ಬೇರೆ ಬೇರೆ ಸ್ವಿಚ್‌ಗಳ ಪೋರ್ಟುಗಳನ್ನೂ ಹೀಗೆ ಕಟ್ಟಬಹುದು. ಎರಡೂ ದಾರಿ ಒಂದೇ ಸ್ವಿಚ್‌ನಿಂದ ಹೊರಟರೆ ಅದು ಕೆಟ್ಟ ದಿನ ಎರಡೂ ಮುಚ್ಚುತ್ತವೆ. ಮುಖ್ಯವಾದ ಸರ್ವರ್‌ಗಳಿಗೂ ಇದೇ ಮಾತು.

ಐದನೆಯದಾಗಿ, ವಿದ್ಯುತ್ತಿನ ವಿಚಾರ. ಎಲ್ಲ ಸ್ವಿಚ್‌ಗಳನ್ನೂ ಒಂದೇ ಯು.ಪಿ.ಎಸ್.ನ ಒಂದೇ ಪ್ಲಗ್ ಪಟ್ಟಿಗೆ ಸಿಕ್ಕಿಸಿದರೆ, ಆ ಪಟ್ಟಿಯೇ ನಿಜವಾದ ಯಜಮಾನ! ಸಾಧ್ಯವಿದ್ದಲ್ಲಿ ಎರಡು ಬೇರೆ ಮೂಲಗಳಿಗೆ ಹಂಚಬೇಕು. ಇನ್ನೊಂದು ಕಟ್ಟಡಕ್ಕೆ ಹೋಗುವ ಸಾಲು ತಾಮ್ರದ್ದಾಗಿರದೆ ಗಾಜಿನೆಳೆಯದ್ದಾಗಿರಲಿ. ತಾಮ್ರದ ಸಾಮಾನ್ಯ ಕೇಬಲ್ಲಿಗೆ 100 ಮೀಟರಿನ ಮಿತಿ ಇದೆ. ಅದಲ್ಲದೆ ಮುಂಗಾರಿನ ಸಿಡಿಲು ಕಟ್ಟಡಗಳ ನಡುವಿನ ತಾಮ್ರದ ತಂತಿಗುಂಟ ಒಳಗೆ ಬರುತ್ತದೆ. ಗಾಜಿನೆಳೆಯಲ್ಲಿ ವಿದ್ಯುತ್ ಹರಿಯದು.

ಪಾಲನೆ

ಅಣಿಗೊಳಿಸುವುದು ಒಂದು ದಿನದ ಕೆಲಸ; ಪಾಲನೆ ವರ್ಷಗಳ ಕೆಲಸ.

ವಾರಕ್ಕೊಮ್ಮೆಯಾದರೂ ಬಳೆ ಪೂರ್ಣವಾಗಿದೆಯೇ ಎಂದು ನೋಡಬೇಕು. ಸಿಸ್ಕೊ ಯಂತ್ರಗಳಲ್ಲಿ ‘ಶೋ ಸ್ವಿಚ್’ ಎಂಬ ಆಜ್ಞೆ ಕೊಟ್ಟರೆ ಯಾವುದು ಯಜಮಾನ, ಯಾವುದರ ಆದ್ಯತೆ ಎಷ್ಟು, ಯಾವುದು ಗೈರುಹಾಜರಿ ಎಂಬ ಹಾಜರಿ ಪಟ್ಟಿಯೇ ಬರುತ್ತದೆ. ಸ್ಟ್ಯಾಕ್ ಪೋರ್ಟುಗಳ ಸ್ಥಿತಿಯನ್ನು ಕೇಳುವ ಆಜ್ಞೆಯೂ ಇದೆ. ಅರ್ಧ ನಿಮಿಷದ ಕೆಲಸ. ಇನ್ನೂ ಉತ್ತಮವೆಂದರೆ, ಕೊಂಡಿ ಕಡಿದ ಕೂಡಲೇ ಸ್ವಿಚ್ ತಾನೇ ಒಂದು ಕಂಪ್ಯೂಟರಿಗೆ ಸುದ್ದಿ ಕಳಿಸುವಂತೆ ಮಾಡಿಡುವುದು. ಸ್ವಿಚ್‌ನ ಗಡಿಯಾರ ಸರಿಯಾಗಿರಬೇಕು. ಇಲ್ಲವಾದರೆ ಯಾವುದು ಮೊದಲು ಕೆಟ್ಟಿತು, ಯಾವುದು ಆಮೇಲೆ ಎಂಬುದು ತಿಳಿಯದು.

ವ್ಯವಸ್ಥಾ ಕಡತದಲ್ಲಿ ಬದಲಾವಣೆ ಮಾಡಿದಾಗಲೆಲ್ಲ ಅದನ್ನು ಉಳಿಸಬೇಕು. ಉಳಿಸದ ಬದಲಾವಣೆ ವಿದ್ಯುತ್ ಹೋಗಿ ಬಂದೊಡನೆ ಮಾಯ. ಪ್ರತಿಯೊಂದನ್ನು ಬೇರೆ ಕಂಪ್ಯೂಟರಿನಲ್ಲೂ ಇಡಬೇಕು. ಯಾವ ಪೋರ್ಟಿಗೆ ಯಾವ ಯಂತ್ರ ಎಂಬ ನಕ್ಷೆಯನ್ನು ಮಾತ್ರ ಕಾಗದದ ಮೇಲೆ ಬರೆದು ಚೌಕಟ್ಟಿನ ಪಕ್ಕದಲ್ಲೇ ತೂಗುಹಾಕಿ. ಜಾಲ ಕೆಟ್ಟಾಗ ಬೇಕಾಗುವ ನಕ್ಷೆ, ಜಾಲದೊಳಗೇ ಇದ್ದರೆ ಏನು ಪ್ರಯೋಜನ? ನಮ್ಮ ಸ್ವಾಗತಕಾರಿಣಿಯ ಪುಸ್ತಕವನ್ನು ನೆನೆಯಿರಿ.

ಹೊಸ ಸ್ವಿಚ್ ಸೇರಿಸುವಾಗ, ಅಥವಾ ಕೆಟ್ಟದ್ದನ್ನು ಬದಲಾಯಿಸುವಾಗ, ಬರುವ ಸ್ವಿಚ್‌ನ ವಿದ್ಯುತ್ ಆರಿರಬೇಕು. ಮೊದಲು ಸ್ಟ್ಯಾಕ್ ಕೇಬಲ್ಲುಗಳನ್ನು ಜೋಡಿಸಿ, ಆಮೇಲೆ ವಿದ್ಯುತ್ ಕೊಡಬೇಕು. ಆಗ ಅದು ಅತಿಥಿಯಂತೆ ಬಾಗಿಲಲ್ಲಿ ನಿಂತು, ಇರುವ ಯಜಮಾನನನ್ನು ಒಪ್ಪಿಕೊಂಡು ಒಳಗೆ ಬರುತ್ತದೆ. ವಿದ್ಯುತ್ ಇರುವಾಗಲೇ ಜೋಡಿಸಿದರೆ ಏನಾಗುತ್ತದೆ ಎಂಬುದನ್ನು ನೋಡಿದಿರಿ. ಬೇರೆಡೆ ಬಳಸಿ ತಂದ ಸ್ವಿಚ್ ತನ್ನ ಹಳೆಯ ಸಂಖ್ಯೆ, ಹಳೆಯ ಆದ್ಯತೆಗಳನ್ನು ಮರೆತಿರುವುದಿಲ್ಲ. ಅದನ್ನು ಮೊದಲು ಒಂಟಿಯಾಗಿ ನಡೆಸಿ, ಅವೆರಡನ್ನೂ ಸರಿಪಡಿಸಿ ತರಬೇಕು. ಇಲ್ಲವಾದರೆ ಸೇರಿದ ದಿನ ಸುಮ್ಮನಿದ್ದು, ಎಂದೋ ಒಂದು ದಿನ ಕರೆಂಟು ಹೋಗಿ ಬಂದಾಗ ನಡೆಯುವ ಚುನಾವಣೆಯಲ್ಲಿ ತಾನೇ ಯಜಮಾನನಾಗಿ ಕುಳಿತೀತು. ಕೆಟ್ಟ ಸ್ವಿಚ್‌ನ ಜಾಗಕ್ಕೆ ಅದೇ ಮಾದರಿಯದನ್ನು ಅದೇ ಸಂಖ್ಯೆ ಕೊಟ್ಟು ಇಟ್ಟರೆ, ಹಳೆಯ ಪೋರ್ಟುಗಳ ವ್ಯವಸ್ಥೆಯೆಲ್ಲ ಅದಕ್ಕೆ ತಾನಾಗಿ ಬರುತ್ತದೆ. ಸ್ಟ್ಯಾಕ್‌ನ ದೊಡ್ಡ ಅನುಕೂಲಗಳಲ್ಲಿ ಇದೂ ಒಂದು.

ಧೂಳು ಮತ್ತು ಸೆಕೆಯನ್ನು ಮರೆಯಬಾರದು. ಇಂಥ ಅನೇಕ ಸ್ವಿಚ್‌ಗಳು ಸುಮಾರು 45 ಡಿಗ್ರಿ ಸೆಲ್ಸಿಯಸ್‌ವರೆಗಿನ ಗಾಳಿಯಲ್ಲಿ ಕೆಲಸ ಮಾಡುವಂತೆ ರಚಿತವಾಗಿವೆ. ರಾಯಚೂರು, ಕಲಬುರಗಿಗಳ ಬೇಸಿಗೆಯಲ್ಲಿ ಹೊರಗಿನ ಗಾಳಿಯೇ 40 ಡಿಗ್ರಿ ದಾಟುತ್ತದೆ. ಗಾಳಿಯಾಡದ ಕಪಾಟಿನಲ್ಲಿ ಬೀಗ ಹಾಕಿಟ್ಟರೆ ಒಳಗಿನ ಶಾಖ ಇನ್ನೂ ಹೆಚ್ಚು. ಫ್ಯಾನುಗಳು ತಿರುಗುತ್ತಿವೆಯೇ, ಗಾಳಿಯ ಕಿಂಡಿಗಳಲ್ಲಿ ಧೂಳು ಕಟ್ಟಿದೆಯೇ ಎಂದು ನೋಡುವುದಕ್ಕೆ ಪದವಿ ಬೇಕಿಲ್ಲ.

ಕೊನೆಯದಾಗಿ, ಅವಸರದ ವಿಷಯ. ಸ್ಟ್ಯಾಕ್ ಹೋಳಾದಾಗ ಎರಡೂ ಹೋಳುಗಳ ಬಳಿ ಅದೇ ವ್ಯವಸ್ಥಾ ಕಡತ, ಅದೇ ವಿಳಾಸ ಇರುತ್ತದೆ. ಬೇರೊಂದು ದಾರಿಯಿಂದ ಅವು ಪರಸ್ಪರ ಎದುರಾದರೆ, ಒಂದೇ ಹೆಸರಿನ ಇಬ್ಬರು ಒಂದೇ ಕಾಗದಕ್ಕೆ ಕೈಚಾಚಿದ ಹಾಗೆ ಗೊಂದಲ. ಆಗ ಮೊದಲು ಮಾಡಬೇಕಾದದ್ದು ಕೇಬಲ್ ಸಿಕ್ಕಿಸುವುದಲ್ಲ. ಯಾವ ಹೋಳು ಕೆಲಸ ಮಾಡುತ್ತಿದೆ ಎಂದು ನೋಡುವುದು. ಅದನ್ನು ಮುಟ್ಟದೆ, ಇನ್ನೊಂದರ ವಿದ್ಯುತ್ ಆರಿಸಿ, ಆಮೇಲೆ ಜೋಡಿಸಬೇಕು. ಕಾಯಬಹುದಾದರೆ ಕಾಯಬೇಕು.

ಒಂದು ಮಿತಿ

ಸ್ಟ್ಯಾಕ್ ಎಲ್ಲ ರೋಗಕ್ಕೂ ಮದ್ದಲ್ಲ. ಎಲ್ಲವೂ ಒಂದೇ ಎಂದ ಮೇಲೆ ತಪ್ಪೂ ಎಲ್ಲರದಾಗುತ್ತದೆ. ಒಂದು ತಪ್ಪು ಆಜ್ಞೆ ಐದೂ ಸ್ವಿಚ್‌ಗಳಿಗೆ ತಟ್ಟುತ್ತದೆ. ತಂತ್ರಾಂಶ ಬದಲಾಯಿಸುವಾಗ ಅನೇಕ ಮಾದರಿಗಳಲ್ಲಿ ಇಡೀ ಸ್ಟ್ಯಾಕ್ ಸ್ವಲ್ಪ ಹೊತ್ತು ನಿಲ್ಲಬೇಕು. ಆದ್ದರಿಂದ ಕ್ಷಣವೂ ನಿಲ್ಲಬಾರದ ಕಡೆ ಎರಡು ಬೇರೆ ಬೇರೆ ಜಾಲಗಳನ್ನೇ ಕಟ್ಟುತ್ತಾರೆ. ದೂರದರ್ಶನದ ಕೆಲಸದಲ್ಲಿ ಒಂದು ಹೈ ಡೆಫಿನಿಷನ್ ಕ್ಯಾಮೆರಾದ ಸಂಕುಚಿಸದ ಚಿತ್ರಕ್ಕೇ ಸೆಕೆಂಡಿಗೆ ಸುಮಾರು ಒಂದೂವರೆ ಗಿಗಾಬಿಟ್ ಬೇಕು. ಅಂಥ ಚಿತ್ರಗಳನ್ನು ಜಾಲದ ಮೂಲಕ ಸಾಗಿಸುವ ಎಸ್.ಎಂ.ಪಿ.ಟಿ.ಇ. 2110 ಎಂಬ ಮಾನಕಗಳು 2017ರಿಂದ ಬಂದಿವೆ. ಅದನ್ನು ಅನುಸರಿಸುವ ಕಡೆ ಒಂದೇ ಚಿತ್ರವನ್ನು ಎರಡು ಪ್ರತ್ಯೇಕ ಜಾಲಗಳಲ್ಲಿ ಏಕಕಾಲಕ್ಕೆ ಕಳಿಸುವ ಪದ್ಧತಿ ಇದೆ. ಒಂದು ಬಿದ್ದರೂ ಚಿತ್ರ ಅಲುಗದು. ನೂರು ಕಂಪ್ಯೂಟರುಗಳ ಪ್ರಯೋಗಾಲಯಕ್ಕೆ, ಕಚೇರಿಗೆ, ಶಾಲೆಗೆ ಚೆನ್ನಾಗಿ ಪಾಲಿಸಿದ ಒಂದು ಸ್ಟ್ಯಾಕ್ ಸಾಕು.

ವಿದ್ಯಾರ್ಥಿ ಮಿತ್ರರೇ, ಕೆಟ್ಟರೆ ಕೂಡಲೇ ನಿಂತುಬಿಡುವ ಯಂತ್ರವನ್ನು ಕಾಯುವುದು ಸುಲಭ. ಅದೇ ಕೂಗಿ ಕರೆಯುತ್ತದೆ. ಪೆಟ್ಟನ್ನು ಸಹಿಸಿಕೊಂಡು ದುಡಿಯುವ ಯಂತ್ರವನ್ನು ನಾವೇ ಹೋಗಿ ವಿಚಾರಿಸಬೇಕು. ಇನ್ನು ಮುಂದೆ ನಿಮ್ಮ ಪ್ರಯೋಗಾಲಯಕ್ಕೆ ಹೋದಾಗ, ಅಲ್ಲಿನ ಅಧ್ಯಾಪಕರ ಅನುಮತಿ ಪಡೆದು ಆ ಮೂಲೆಯ ಚೌಕಟ್ಟನ್ನು ಒಮ್ಮೆ ನೋಡಿ. ಕೈ ಹಚ್ಚಬೇಡಿ. ಎಷ್ಟು ಸ್ವಿಚ್‌ಗಳಿವೆ, ಯಾವುದಕ್ಕೆ ಯಾವುದು ಜೋಡಿಸಿದೆ, ಬಳೆ ಪೂರ್ಣವಾಗಿದೆಯೇ ಎಂದು ಒಂದು ಹಾಳೆಯ ಮೇಲೆ ನಕ್ಷೆ ಬರೆಯಿರಿ. ಎಲ್ಲಿಯಾದರೂ ಒಂದು ಕೊಂಡಿ ಕಳಚಿದ್ದು ಕಂಡರೆ ಹೇಳಿ. “ನಡೀತಾ ಇದೆಯಲ್ಲ” ಎಂದು ಯಾರಾದರೂ ಉತ್ತರಿಸಿದರೆ, ಇನ್ನೊಮ್ಮೆ ಹೇಳಿ.